ಸಂಜೆ ಐದಕ್ಕೆ ಬಾಗಿಲು ತೆಗೆಯಿರಿ

ಸಂಜೆ ನಾಲ್ಕೂವರೆಗೆ ಸ್ಕೂಲ್ ವ್ಯಾನ್ ಬರುತ್ತದೆ. ಬ್ಯಾಗು ಸೋಫಾ ಮೇಲೆ, ಸಾಕ್ಸ್ ಒಂದು ಇಲ್ಲಿ, ಇನ್ನೊಂದು ಮಂಚದ ಕೆಳಗೆ. ಹಾಲಿನ ಲೋಟ ಕೈಗೆ ಬರುವ ಮೊದಲೇ ಮೊಬೈಲ್ ಕೈಗೆ ಬಂದಿರುತ್ತದೆ. ‘ಸಾಕು ಇಡೋ ಅದನ್ನ, ಹೊರಗೆ ಹೋಗಿ ಆಡ್ಕೋ ಹೋಗು’ ಅಂತ ನೀವು ಗದರುತ್ತೀರಿ. ಮಗು ತಲೆ ಎತ್ತದೆ ಕೇಳುತ್ತದೆ, ‘ಯಾರ ಜೊತೆ?’

ನಿಮ್ಮ ಹತ್ತಿರ ಉತ್ತರ ಇದೆಯಾ?

ಮಕ್ಕಳು ಹೊರಗೆ ಆಡುವುದಿಲ್ಲ ಅಂತ ನಾವು ತಾಯಂದಿರು ದೂರುವುದು ಇದ್ದದ್ದೇ. ಮೊಬೈಲಿಗೆ ಬಯ್ಯುತ್ತೇವೆ, ಟಿ.ವಿ.ಗೆ ಬಯ್ಯುತ್ತೇವೆ, ಹೋಂವರ್ಕ್ ಕೊಡುವ ಮಿಸ್‌ಗೆ ಬಯ್ಯುತ್ತೇವೆ. ಆದರೆ ಮಗು ಕೇಳುವ ಆ ಎರಡು ಪದದ ಪ್ರಶ್ನೆಯನ್ನು ಮಾತ್ರ ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಬ್ಬನೇ ಹುಡುಗನನ್ನು ಖಾಲಿ ಬೀದಿಗೆ ಅಟ್ಟಿದರೆ ಅವನು ಏನು ಮಾಡಬೇಕು ಹೇಳಿ? ಗೇಟು ಹಿಡಿದು ಹತ್ತು ನಿಮಿಷ ನಿಂತು ಒಳಗೆ ಬರುತ್ತಾನೆ. ಲಗೋರಿಗೆ ಎರಡು ಗುಂಪು ಬೇಕು. ಕಣ್ಣಾಮುಚ್ಚಾಲೆಗೆ ಅಡಗುವವರು ಬೇಕು. ಕುಂಟೆಬಿಲ್ಲೆಗೂ ‘ಗೆರೆ ತುಳಿದೆ, ಔಟು’ ಅಂತ ಜಗಳ ತೆಗೆಯಲು ಒಬ್ಬಳಾದರೂ ಬೇಕೇ ಬೇಕು!

ನಮ್ಮ ಕಾಲದಲ್ಲಿ ಈ ಜೊತೆ ತಾನಾಗೇ ಸಿಗುತ್ತಿತ್ತು. ನನ್ನ ತವರು ಮದಲೂರು. ತುಮಕೂರು ಜಿಲ್ಲೆ, ಶಿರಾ ತಾಲ್ಲೂಕು. ಊರಿಗೆ ದೊಡ್ಡ ಕೆರೆ ಇದೆ. ನಾವು ಚಿಕ್ಕವರಿದ್ದಾಗ ಅದರಲ್ಲಿ ನೀರು ಕಂಡಿದ್ದಕ್ಕಿಂತ ಒಣ ನೆಲ ಕಂಡಿದ್ದೇ ಜಾಸ್ತಿ. ಆ ಕೆರೆಯಂಗಳವೇ ನಮ್ಮ ಆಟದ ಮೈದಾನ. ಜಾಲಿಮುಳ್ಳು ಚುಚ್ಚಿದರೆ ಪಿನ್ನಿನಿಂದ ತೆಗೆದುಕೊಂಡು ಮತ್ತೆ ಓಟ. ಅಮ್ಮ ಕರೆಯಲು ಬರುತ್ತಿರಲಿಲ್ಲ. ಬೀದಿ ದೀಪ ಹತ್ತಿದರೆ ಮನೆಗೆ ಹೋಗಬೇಕು, ಅಷ್ಟೇ ಲೆಕ್ಕ. ಅವರು ನಿಶ್ಚಿಂತೆಯಿಂದ ಇರುತ್ತಿದ್ದುದು ಊರು ಒಳ್ಳೆಯದು ಅಂತಲ್ಲ. ಜಗುಲಿ ಮೇಲೆ ಕೂತ ಅಜ್ಜಿಯಂದಿರು, ಹೊಲದಿಂದ ವಾಪಸ್ ಬರುವವರು, ಕುರಿ ಹೊಡೆದುಕೊಂಡು ಹೋಗುವವರು, ಹೀಗೆ ಹತ್ತು ಜೊತೆ ಕಣ್ಣು ನಮ್ಮ ಮೇಲೆ ಇರುತ್ತಿದ್ದವು. ಮರ ಹತ್ತಿದರೆ ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿರುತ್ತಿತ್ತು.

ನಗರದ ಬಡಾವಣೆಯಲ್ಲಿ ಆ ಕಣ್ಣುಗಳಿಲ್ಲ. ಹಾಗಾಗಿ ಜೊತೆಯನ್ನೂ ಕಣ್ಣನ್ನೂ ನಾವೇ ಹೊಂದಿಸಬೇಕು. ಅದು ಹೇಗೆ ಅನ್ನುವುದಕ್ಕೆ ಮೊದಲು, ಇಷ್ಟೆಲ್ಲ ತಾಪತ್ರಯ ಯಾಕೆ ಬೇಕು ಅಂತ ಕೇಳುವವರಿಗೆ ಎರಡು ಮಾತು.

ಕನ್ನಡಕ ಬರುವ ಮುಂಚೆ...

ನಿಮ್ಮ ಮಗುವಿನ ತರಗತಿಯಲ್ಲಿ ಎಷ್ಟು ಮಕ್ಕಳು ಕನ್ನಡಕ ಹಾಕುತ್ತಾರೆ ಅಂತ ಒಮ್ಮೆ ಎಣಿಸಿ ಬರಲು ಹೇಳಿ. ದೂರದ್ದು ಕಾಣದಿರುವುದು, ಅಂದರೆ ಸಮೀಪದೃಷ್ಟಿ, ಮಕ್ಕಳಲ್ಲಿ ಹೆಚ್ಚುತ್ತಿದೆ ಎಂದು ಕಣ್ಣಿನ ವೈದ್ಯರು ಹೇಳುತ್ತಲೇ ಇದ್ದಾರೆ. ಇದಕ್ಕೂ ಹೊರಗಿನ ಬೆಳಕಿಗೂ ಸಂಬಂಧ ಇದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷದ ಒಂದು ಹೊರಾಂಗಣ ತರಗತಿ ಸೇರಿಸಿದರು, ಉಳಿದ ಶಾಲೆಗಳನ್ನು ಇದ್ದ ಹಾಗೇ ಬಿಟ್ಟರು. ಮೂರು ವರ್ಷದ ನಂತರ ನೋಡಿದರೆ, ಇದ್ದ ಹಾಗೇ ಬಿಟ್ಟ ಶಾಲೆಗಳಲ್ಲಿ ಸುಮಾರು 40 ಶೇಕಡಾ ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಹೊರಗೆ ಹೋದ ಮಕ್ಕಳಲ್ಲಿ ಅದು ಸುಮಾರು 30 ಶೇಕಡಾ. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಔಷಧಿ ಇಲ್ಲ, ಖರ್ಚಿಲ್ಲ, ಬರೀ 40 ನಿಮಿಷ!

ಇದಕ್ಕೆ ಸುಡು ಬಿಸಿಲು ಬೇಕಿಲ್ಲ. ಮರದ ನೆರಳಿನಲ್ಲೂ ಮನೆಯೊಳಗಿಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ. ನಾವು ಟ್ಯೂಬ್‌ಲೈಟ್ ಹಾಕಿ ‘ಚೆನ್ನಾಗಿ ಬೆಳಕಿದೆ’ ಅಂದುಕೊಳ್ಳುತ್ತೇವೆ, ಕಣ್ಣಿಗೆ ಅದು ಏನೇನೂ ಅಲ್ಲ. ಆದರೆ ಒಂದು ಮಾತು: ಈಗಾಗಲೇ ಕನ್ನಡಕ ಬಂದ ಮಗುವಿಗೆ ಆಟದಿಂದ ಕನ್ನಡಕ ಬಿಟ್ಟುಹೋಗುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ, ಕನ್ನಡಕ ತೆಗೆಸಲೂ ಬೇಡಿ.

ಇನ್ನು ಮೂಳೆ. 2016-18ರಲ್ಲಿ ಕೇಂದ್ರ ಸರ್ಕಾರ ನಡೆಸಿದ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ‘ಡಿ’ ವಿಟಮಿನ್ ಕೊರತೆ 5ರಿಂದ 9 ವರ್ಷದ ಮಕ್ಕಳಲ್ಲಿ 18 ಶೇಕಡಾ, 10ರಿಂದ 19 ವರ್ಷದವರಲ್ಲಿ 24 ಶೇಕಡಾ ಇತ್ತು. ಬಿಸಿಲಿಗೆ ಬರವೇ ಇಲ್ಲದ ದೇಶ ನಮ್ಮದು! ದೊಡ್ಡವರಾಗುತ್ತಾ ಕೊರತೆ ಹೆಚ್ಚುತ್ತಿರುವುದನ್ನು ಗಮನಿಸಿ. ಸಂಜೆ ಐದರ ಇಳಿಬಿಸಿಲಿನಲ್ಲಿ ‘ಡಿ’ ವಿಟಮಿನ್ ಹೆಚ್ಚೇನೂ ಸಿಗುವುದಿಲ್ಲ, ಅದಕ್ಕೆ ಬೆಳಗಿನ ಹೊತ್ತೇರಿದ ಬಿಸಿಲು ಬೇಕು. ಆದ್ದರಿಂದ ಭಾನುವಾರ ಒಂಬತ್ತು ಒಂಬತ್ತೂವರೆಗೆ ತಿಂಡಿ ಆದ ಮೇಲೆ ಸ್ವಲ್ಪ ಹೊತ್ತು ಬಿಡಿ. ‘ಕಪ್ಪಗಾಗ್ತೀಯಾ’ ಅಂತ ಒಳಗೆ ಎಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಇದೆಯಲ್ಲ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಅದನ್ನು ಮೊದಲು ನಿಲ್ಲಿಸೋಣ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಲೆಕ್ಕದ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಇರಬೇಕು. ಟ್ಯೂಷನ್‌ಗೆ ಸ್ಕೂಟಿ ಹಿಂದೆ ಕೂತು ಹೋಗುವುದು ಇದರಲ್ಲಿ ಬರುವುದಿಲ್ಲ.

ನಾಲ್ಕು ಮನೆ, ಒಂದು ಹೊತ್ತು

ಈಗ ಕೆಲಸದ ಮಾತಿಗೆ ಬರೋಣ. ನಿಮ್ಮ ಬೀದಿಯಲ್ಲೋ ಅಪಾರ್ಟ್‌ಮೆಂಟಿನಲ್ಲೋ ಹೆಚ್ಚು ಕಡಿಮೆ ಒಂದೇ ವಯಸ್ಸಿನ ಮಕ್ಕಳಿರುವ ಮೂರು ಮನೆ ಹುಡುಕಿ. ನಿಮ್ಮದೂ ಸೇರಿ ನಾಲ್ಕು. ಅರಿಶಿನ ಕುಂಕುಮಕ್ಕೆ ಕರೆಯುತ್ತೀರಲ್ಲ, ಹಾಗೇ ಕರೆದು ಮಾತಾಡಿ. ‘ಸಂಜೆ ಐದರಿಂದ ಆರು ಎಲ್ಲರೂ ಮಕ್ಕಳನ್ನ ಬಿಡೋಣ ರೀ’ ಅನ್ನಿ. ಹೊತ್ತು ಒಂದೇ ಇರಬೇಕು, ಇದು ಮುಖ್ಯ. ಒಬ್ಬರು ಐದಕ್ಕೆ, ಇನ್ನೊಬ್ಬರು ಆರಕ್ಕೆ ಬಿಟ್ಟರೆ ಮಕ್ಕಳು ಒಬ್ಬರಿಗೊಬ್ಬರು ಸಿಗುವುದೇ ಇಲ್ಲ. ಟ್ಯೂಷನ್, ಸಂಗೀತ, ಅಬ್ಯಾಕಸ್ ಎಲ್ಲವನ್ನೂ ಆರರ ನಂತರಕ್ಕೆ ದೂಡಲು ಸಾಧ್ಯವೇ ನೋಡಿ. ವಾರದಲ್ಲಿ ಐದು ದಿನ ಆಗದಿದ್ದರೆ ಮೂರು ದಿನ.

ಆಮೇಲೆ ಕಾವಲು. ದಿನಕ್ಕೆ ಒಬ್ಬ ತಾಯಿ ಸಾಕು. ಸೋಮವಾರ ನೀವು, ಮಂಗಳವಾರ ಎದುರು ಮನೆಯವರು. ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಕೂತುಕೊಳ್ಳಿ. ಕೈ ಅವರೆಕಾಯಿ ಮೇಲೆ, ಕಣ್ಣು ಮಕ್ಕಳ ಮೇಲೆ. ಉಳಿದ ಮೂವರಿಗೆ ಆ ದಿನ ಒಂದು ಗಂಟೆ ಬಿಡುವು ಸಿಕ್ಕಿತು! ನಾಲ್ಕು ಮಂದಿಯೂ ದಿನಾ ಹೋಗಿ ನಿಂತರೆ ಹರಟೆ ಜಾಸ್ತಿಯಾಗಿ ಅಡುಗೆ ತಡವಾಗುತ್ತದೆ. ಮನೆಯಲ್ಲಿ ‘ಇವಳಿಗೆ ಬೇರೆ ಕೆಲಸ ಇಲ್ವಾ’ ಅನ್ನುವ ಮಾತು ಬರುತ್ತದೆ, ವಾರದೊಳಗೆ ಎಲ್ಲ ನಿಂತುಹೋಗುತ್ತದೆ.

ಕೂತವರು ಆಟ ನಡೆಸಬಾರದು. ಇದು ಕಷ್ಟ, ಗೊತ್ತು. ಜಗಳ ಬಂದರೆ ಎದ್ದು ಹೋಗಿ ನ್ಯಾಯ ಹೇಳುವ ಆಸೆಯಾಗುತ್ತದೆ. ರಕ್ತ ಬಂದರೆ ಏಳಿ, ಇಲ್ಲದಿದ್ದರೆ ಕೂತಿರಿ. ‘ನೀನು ಮೋಸ ಮಾಡ್ದೆ’, ‘ನಾನು ಆಟಕ್ಕೇ ಬರಲ್ಲ’ ಅಂತ ಮುನಿದು ಹೋದವನು ಐದು ನಿಮಿಷದಲ್ಲಿ ಮೆಲ್ಲಗೆ ವಾಪಸ್ ಬರುತ್ತಾನೆ. ಕರಾಟೆ ಕ್ಲಾಸು, ಕ್ರಿಕೆಟ್ ಕೋಚಿಂಗ್ ಎಲ್ಲ ಒಳ್ಳೆಯದೇ. ಆದರೆ ಅಲ್ಲಿ ನಿಯಮ ಹೇಳಲು ಸರ್ ಇರುತ್ತಾರೆ. ಬೀದಿ ಆಟದಲ್ಲಿ ನಿಯಮ ಮಾಡುವುದೂ ಮಕ್ಕಳೇ, ಮುರಿಯುವುದೂ ಅವರೇ, ರಾಜಿಯಾಗುವುದೂ ಅವರೇ. ಅದಕ್ಕೆ ಫೀಸ್ ಕಟ್ಟಿ ಸೇರಿಸುವ ಕ್ಲಾಸು ಯಾವುದೂ ಇಲ್ಲ.

ಮೊದಲ ವಾರ ಮಕ್ಕಳಿಗೆ ಏನು ಆಡಬೇಕೆಂದೇ ತಿಳಿಯದೆ ನಿಂತಿರಬಹುದು. ಆಗ ಒಂದೆರಡು ಆಟ ಹೇಳಿಕೊಡಿ, ತೋರಿಸಿ ಹಿಂದೆ ಸರಿಯಿರಿ. ಸೀಮೆಸುಣ್ಣದ ತುಂಡು ಇದ್ದರೆ ಕುಂಟೆಬಿಲ್ಲೆ ಮನೆ ಬರೆಯಬಹುದು, ಚಪ್ಪಟೆ ಹೆಂಚಿನ ಚೂರು ಬಚ್ಚವಾಯಿತು. ಏಳು ಚಪ್ಪಟೆ ಕಲ್ಲು, ಒಂದು ರಬ್ಬರ್ ಚೆಂಡು ಇದ್ದರೆ ಲಗೋರಿ. ಹತ್ತಲು ಆಗುವಂಥ ಮರ ಹತ್ತಿರ ಇದ್ದರೆ ಮರಕೋತಿ ಕಲಿಸಿ. ಕೆಳಗೆ ಒಂದು ವೃತ್ತ, ಅದರಿಂದ ಕೋಲನ್ನು ದೂರ ಎಸೆಯಬೇಕು. ಕಳ್ಳನಾದವನು ಅದನ್ನು ತಂದು ವೃತ್ತದಲ್ಲಿ ಇಡುವಷ್ಟರಲ್ಲಿ ಉಳಿದವರು ಮರ ಏರಬೇಕು. ಆಮೇಲೆ ಕಳ್ಳನ ಕೈಗೆ ಸಿಗದೆ ಇಳಿದು ಕೋಲು ಮುಟ್ಟಬೇಕು. ಚಿನ್ನಿದಾಂಡು ಮಾತ್ರ ಬೀದಿಯಲ್ಲಿ ಬೇಡ. ಹಾರಿದ ಚಿನ್ನಿ ಕಣ್ಣಿಗೆ ಬಿದ್ದರೆ ಗತಿ ಏನು? ಅದಕ್ಕೆ ಬಯಲೇ ಬೇಕು.

ಜಾಗ ಎಲ್ಲಿದೆ?

‘ನೀವು ಹೇಳೋದೇನೋ ಸರಿ, ಜಾಗ ಎಲ್ಲಿದೆ?’ ಅನ್ನುವವರೇ ಹೆಚ್ಚು. ಬಡಾವಣೆಯ ಪಾರ್ಕಿಗೆ ಹೋದರೆ ‘ಇಲ್ಲಿ ಆಟ ಆಡಬಾರದು’ ಅಂತ ಬೋರ್ಡು. ಹಿರಿಯರು ವಾಕಿಂಗ್ ಮಾಡುತ್ತಾರೆ, ಅವರಿಗೆ ಚೆಂಡು ತಗುಲಬಾರದು, ಒಪ್ಪೋಣ. ಆದರೆ ಮಕ್ಕಳಿಗೆ ಒಂದು ಮೂಲೆಯನ್ನಾದರೂ ಬಿಡಬಹುದಲ್ಲವೇ? ಉದ್ಯಾನ ಮತ್ತು ಆಟದ ಬಯಲುಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1985ರಿಂದ ಒಂದು ಕಾಯ್ದೆ ಇದೆ. ಕೇಳಿದರೆ ನಿಯಮ ಬದಲಾಗುವುದೂ ಉಂಟು. ಬೆಂಗಳೂರಿನ ಪಾಲಿಕೆ ಪಾರ್ಕುಗಳಿಗೆ ಹಿಂದೆ ಹಗಲ ಹೊತ್ತಿನಲ್ಲಿ ಬೀಗ ಬೀಳುತ್ತಿತ್ತು. 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂದು ತೀರ್ಮಾನವಾಯಿತು. ನಿಮ್ಮ ಊರಿನ ಪಾರ್ಕಿನಲ್ಲಿ ಸಂಜೆ ಒಂದು ಗಂಟೆ ಒಂದು ಭಾಗವನ್ನು ಮಕ್ಕಳಿಗೆ ಬಿಡಿ ಅಂತ ನಗರಸಭೆಗೆ ಅರ್ಜಿ ಕೊಡಿ. ಒಬ್ಬರೇ ಹೋದರೆ ‘ನೋಡೋಣ ಮೇಡಂ’ ಅನ್ನುತ್ತಾರೆ. ಹದಿನೈದು ಮಂದಿ ತಾಯಂದಿರು ಸಹಿ ಹಾಕಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಮಕ್ಕಳ ಗಲಾಟೆಗೇ ಅರ್ಜಿ ಬೇಗ ತೆಗೆದುಕೊಳ್ಳುತ್ತಾರೆ!

ಶಾಲೆಗೆ ಸೇರಿಸುವಾಗ ಕಂಪ್ಯೂಟರ್ ಲ್ಯಾಬ್, ಸ್ಮಾರ್ಟ್ ಕ್ಲಾಸ್ ಎಲ್ಲ ತೋರಿಸುತ್ತಾರೆ. ಮೈದಾನ ತೋರಿಸಿ ಅಂತ ನೀವು ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಗೆ ಆಟದ ಮೈದಾನ ಇರಲೇಬೇಕು. ಇದ್ದರೂ ವಾರಕ್ಕೆ ಎಷ್ಟು ಪಿ.ಟಿ. ಪೀರಿಯಡ್, ಪರೀಕ್ಷೆ ಹತ್ತಿರ ಬಂದಾಗ ಅದನ್ನು ಗಣಿತಕ್ಕೆ ಕೊಡುತ್ತಾರಾ ಅಂತಲೂ ಕೇಳಿ ತಿಳಿದುಕೊಳ್ಳಿ.

‘ದೊಡ್ಡವಳಾದಳು, ಇನ್ನು ಸಾಕು’

ಹನ್ನೊಂದು ಹನ್ನೆರಡು ವರ್ಷಕ್ಕೆ ಹುಡುಗಿಯ ಆಟ ನಿಂತುಹೋಗುತ್ತದೆ. ಅಣ್ಣನೋ ತಮ್ಮನೋ ಕತ್ತಲಾಗುವವರೆಗೆ ಬ್ಯಾಟು ಹಿಡಿದು ಓಡಾಡುತ್ತಾನೆ, ಇವಳು ಕಿಟಕಿಯಲ್ಲಿ ನಿಂತು ನೋಡುತ್ತಾಳೆ. ‘ಇನ್ನು ಗಂಡುಬೀರಿ ಥರ ಓಡಾಡಬೇಡ’ ಅನ್ನುವ ಮಾತು ಅತ್ತೆಯಿಂದ ಬರಬಹುದು, ಪಕ್ಕದ ಮನೆಯಿಂದ ಬರಬಹುದು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಹದಿಹರೆಯದಲ್ಲೇ ಕೊರತೆ ಹೆಚ್ಚು ಅಂತಿತ್ತಲ್ಲ, ಆ ವಯಸ್ಸೇ ಮೂಳೆ ಗಟ್ಟಿಯಾಗುವ ವಯಸ್ಸು. ಮುಟ್ಟಿನ ದಿನಗಳಲ್ಲೂ ಅವಳಿಗೆ ಆಡಬೇಕು ಅನ್ನಿಸಿದರೆ ಆಡಲಿ, ಅದರಿಂದ ಏನೂ ಆಗುವುದಿಲ್ಲ. ಸುಸ್ತು, ನೋವು ಇದ್ದರೆ ಅವಳೇ ಕೂರುತ್ತಾಳೆ. ಚೂಡಿದಾರದ ವೇಲು ಬೇಡ, ಟ್ರ್ಯಾಕ್ ಪ್ಯಾಂಟು ಕೊಡಿಸಿ.

ಅತ್ತೆಯವರಿಗೆ ಹೇಳಲು ಒಂದು ಉದಾಹರಣೆ ಬೇಕಿದ್ದರೆ ಇಟ್ಟುಕೊಳ್ಳಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಕಪ್ ಗೆದ್ದರು. ಆ ತಂಡದಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಎಲ್ಲರೂ ವಿಶ್ವಕಪ್ ಆಡಬೇಕಿಲ್ಲ ಬಿಡಿ. ಹುಡುಗಿ ಬೆವರಿ ಮನೆಗೆ ಬಂದರೆ ಯಾರೂ ಗದರದಿದ್ದರೆ ಸಾಕು.

ಹುಡುಗಿಯರಿರಲಿ ಹುಡುಗರಿರಲಿ, ಹೊರಗೆ ಬಿಡುವ ಮುನ್ನ ಒಂದು ಮಾತು ಹೇಳಿಕೊಡಿ. ಯಾರಾದರೂ ಮೈ ಮುಟ್ಟಿ ಇರಿಸುಮುರಿಸು ಮಾಡಿದರೆ, ಗೊತ್ತಿರುವವರೇ ಆಗಿರಲಿ, ಕೂಗಿ ಓಡಿ ಬಂದು ಹೇಳಬೇಕು. ಬಂದು ಹೇಳಿದಾಗ ಮಗುವನ್ನು ಬಯ್ಯಬಾರದು. ಮಕ್ಕಳ ಸಹಾಯವಾಣಿ ಸಂಖ್ಯೆ 1098, ಬಾಯಿಪಾಠ ಮಾಡಿಸಿ.

ರಜೆಗೆ ಅಜ್ಜಿ ಮನೆಗೆ ಕಳಿಸುವಾಗ

ಏಪ್ರಿಲ್ ಬಂತೆಂದರೆ ನಗರದ ಮಕ್ಕಳಿಗೆ ಸಮ್ಮರ್ ಕ್ಯಾಂಪು. ಅದಕ್ಕೆ ಸಾವಿರಾರು ರೂಪಾಯಿ ಕೊಡುವ ಬದಲು ಊರಿದ್ದವರು ಎರಡು ವಾರ ಊರಿಗೆ ಕಳಿಸಿ ನೋಡಿ. ನಮ್ಮ ಶಿರಾ ಕಡೆ ಬಿಸಿಲು ಜೋರು, ಹನ್ನೊಂದರಿಂದ ನಾಲ್ಕರವರೆಗೆ ಮಕ್ಕಳು ಒಳಗೇ ಇರಲಿ. ಆ ಹೊತ್ತಿಗೆ ಚೌಕಾಬಾರ ಇದೆ, ಅಳಗುಳಿಮಣೆ ಇದೆ, ಅಜ್ಜಿಯ ಹತ್ತಿರ ಹುಣಸೆಬೀಜಕ್ಕೇನು ಬರವೇ? ಮೊದಲ ಎರಡು ದಿನ ‘ವೈಫೈ ಇಲ್ಲ’ ಅಂತ ಫೋನ್ ಮಾಡುತ್ತಾರೆ. ಮೂರನೇ ದಿನ ಫೋನ್ ಬರುವುದಿಲ್ಲ. ಅನುಕೂಲವಾದರೆ ಒಂದು ಬೆಳಿಗ್ಗೆ ಶಿರಾ ಹತ್ತಿರದ ಕಗ್ಗಲಡುಗೆ ಕರೆದುಕೊಂಡು ಹೋಗಲು ಹೇಳಿ. ಊರ ನಡುವಿನ ಹುಣಸೆಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಅವನ್ನು ಕಾಯುತ್ತಾರೆ.

ಆದರೆ ಊರು ನಮ್ಮ ಬಾಲ್ಯದಲ್ಲಿ ಇದ್ದ ಹಾಗೇ ಇಲ್ಲ, ಇದನ್ನು ನೆನಪಿಡಬೇಕು. ಮದಲೂರು ಕೆರೆಯನ್ನೇ ನೋಡಿ. 2020ರ ನವೆಂಬರ್‌ನಲ್ಲಿ ಶಿರಾ ಉಪಚುನಾವಣೆ ನಡೆದಾಗ ಇದಕ್ಕೆ ಹೇಮಾವತಿ ನೀರು ತುಂಬಿಸುವುದೇ ಊರೂರಿನ ಮಾತಾಗಿತ್ತು. ಆಮೇಲೆ ನೀರು ಬಂತು. ರೈತರಿಗೆ, ಬೋರ್‌ವೆಲ್‌ಗಳಿಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಆದರೆ ಒಣ ಕೆರೆಯಲ್ಲಿ ಆಡಿ ಬೆಳೆದ ನಮ್ಮಂಥವರಿಗೆ ನೀರಿನ ಭಯವೇ ಇಲ್ಲ. ‘ನಾವೂ ಅಲ್ಲೇ ಆಡಿದ್ದು, ಹೋಗಲಿ ಬಿಡು’ ಅಂದುಬಿಡುತ್ತೇವೆ. ನಗರದ ಮಕ್ಕಳಿಗಂತೂ ಈಜು ಬಾರದು. ಹೂಳು ಎತ್ತಿದ, ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳಕ್ಕೆ ಇಳಿದುಬಿಡುತ್ತಾರೆ.

ಕೆರೆಗಿಂತ ಹೆಚ್ಚು ಹೆದರಿಕೆ ಕೃಷಿ ಹೊಂಡದ್ದು. 2014ರಲ್ಲಿ ಕೃಷಿಭಾಗ್ಯ ಯೋಜನೆ ಶುರುವಾದ ಮೇಲೆ ಒಣಬೇಸಾಯದ ತಾಲ್ಲೂಕುಗಳಲ್ಲಿ ಸಾವಿರಾರು ಹೊಂಡಗಳಾದವು. ಬೆಳೆಗೆ ಅವು ಬೇಕು. ಆದರೆ ನೀರು ಇಂಗದಿರಲಿ ಎಂದು ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಒದ್ದೆಯಾದ ಆ ಹಾಳೆ ಎಷ್ಟು ಜಾರುತ್ತದೆಂದರೆ, ಬಿದ್ದವರು, ಈಜು ಬಲ್ಲವರೂ, ಹತ್ತಿ ಬರಲಾರರು. ಹಿಡಿಯಲು ಕಲ್ಲಿಲ್ಲ, ಗಿಡವಿಲ್ಲ. ಚೆಂಡು ತರಲು, ಕೈಕಾಲು ತೊಳೆಯಲು ಹೋದ ಮಕ್ಕಳು, ಅವರನ್ನು ಎಳೆಯಲು ಹೋದ ಅಕ್ಕಂದಿರು, ತಾಯಂದಿರು ಒಟ್ಟಿಗೆ ಹೋದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. 2023-24ರಲ್ಲಿ ಯೋಜನೆ ಮತ್ತೆ ಬಂದಾಗ ಹೊಂಡದ ಸುತ್ತ ತಂತಿ ಬೇಲಿ ಹಾಕಿಸಲೂ ಸಹಾಯಧನ ಸೇರಿಸಿದರು. ನಿಮ್ಮ ತವರಿನ ಅಥವಾ ಗಂಡನ ಮನೆಯ ಹೊಲದಲ್ಲಿ ಹೊಂಡ ಇದ್ದರೆ, ಮಕ್ಕಳನ್ನು ಕಳಿಸುವ ಮೊದಲು ಫೋನ್ ಮಾಡಿ ಕೇಳಿ: ಬೇಲಿ ಇದೆಯಾ? ಗೇಟಿಗೆ ಚಿಲಕ ಇದೆಯಾ? ದಡದ ಗೂಟಕ್ಕೆ ಕಟ್ಟಿದ ಗಂಟುಹಗ್ಗ ನೀರಿನವರೆಗೆ ಇಳಿಬಿಟ್ಟಿದ್ದಾರಾ? ಅಪ್ಪನಿಗೋ ಮಾವನಿಗೋ ಹೀಗೆ ಕೇಳಲು ಸಂಕೋಚ ಬೇಡ, ಮೊಮ್ಮಗುವಿನ ಹೆಸರು ಹೇಳಿ, ಇಲ್ಲದಿದ್ದರೆ ಹಾಕಿಸುತ್ತಾರೆ. ಮುಚ್ಚದ ಹಳೇ ಬೋರ್‌ವೆಲ್ ಇದ್ದರೆ ಅದನ್ನೂ ಮುಚ್ಚಿಸಲು ಹೇಳಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗು ಬದುಕಿ ಬಂದಿದ್ದು ಪುಣ್ಯ. ಎಲ್ಲ ಮಕ್ಕಳಿಗೂ ಆ ಪುಣ್ಯ ಸಿಗಲಿಲ್ಲ.

ಮಕ್ಕಳಿಗೂ ಒಂದು ಮಾತು ಹತ್ತು ಸಲ ಹೇಳಿ. ಚೆಂಡು ನೀರಿಗೆ ಬಿತ್ತಾ, ಹೋಯ್ತು, ಬಿಟ್ಟುಬಿಡಬೇಕು. ಹತ್ತು ಚೆಂಡು ತೆಗೆದುಕೊಡುತ್ತೇನೆ ಅಂತ ಮಾತು ಕೊಡಿ, ಕೊಟ್ಟ ಮಾತಿನಂತೆ ಬಯ್ಯದೆ ತೆಗೆದುಕೊಡಿ. ಯಾರಾದರೂ ಬಿದ್ದರೆ ತಾವು ಇಳಿಯಬಾರದು. ಕೂಗಬೇಕು, ದೊಡ್ಡವರನ್ನು ಕರೆಯಬೇಕು. ಹಗ್ಗ, ಉದ್ದ ಕೋಲು ಸಿಕ್ಕರೆ ದಡದಲ್ಲಿ ಮಲಗಿಕೊಂಡು ಚಾಚಬೇಕು. ದೊಡ್ಡವರಾದ ನಾವೂ ಅಷ್ಟೇ. ಈಜು ಬಾರದೆ ಹಾರುವ ಬದಲು ಉಟ್ಟ ಸೀರೆಯನ್ನೇ ಬಿಚ್ಚಿ ಎಸೆಯುವುದು ಮೇಲು. ತುರ್ತಿಗೆ 112, ಆಂಬುಲೆನ್ಸ್‌ಗೆ 108.

ಉಳಿದವು ಸಣ್ಣ ಎಚ್ಚರಿಕೆಗಳು. ಕಲ್ಲು ಎತ್ತುವಾಗ, ಸೌದೆ ರಾಶಿಗೆ ಕೈ ಹಾಕುವಾಗ ಚೇಳು, ಹಾವು ಇರಬಹುದು. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಇಟ್ಟು ನೇರ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಾಯಿ ಕಚ್ಚಿದರೆ, ಪರಚಿದ್ದಾದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್ ಹಾಕಿಸಬೇಕು. ಬಯ್ಯುತ್ತಾರೆ ಅಂತ ಮಕ್ಕಳು ಇದನ್ನೇ ಹೆಚ್ಚು ಮುಚ್ಚಿಡುವುದು. ‘ಹೇಳಿದರೆ ಬಯ್ಯಲ್ಲ’ ಅಂತ ಮೊದಲೇ ತಿಳಿಸಿರಿ. ಟಿ.ಟಿ. ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ಲಸಿಕೆ ಕಾರ್ಡು ಒಮ್ಮೆ ತೆಗೆದು ನೋಡಿ.

ಇಷ್ಟು ಓದಿ ‘ಅಯ್ಯೋ, ಮನೆಯಲ್ಲೇ ಇರಲಿ ಬಿಡಿ’ ಅನ್ನಿಸಿತಾ? ಮನೆಯಲ್ಲಿ ಇಟ್ಟುಕೊಂಡರೆ ಕಣ್ಣು, ಮೂಳೆ, ಸ್ನೇಹ ಮೂರೂ ನಿಧಾನವಾಗಿ ಸವೆಯುತ್ತವೆ, ಅದಕ್ಕೆ ಸುದ್ದಿಯಾಗುವುದಿಲ್ಲ ಅಷ್ಟೇ. ಹೊರಗಿನ ಅಪಾಯ ಹೆಸರಿಟ್ಟು ಹೇಳಬಹುದಾದದ್ದು, ಬೇಲಿ ಹಾಕಬಹುದಾದದ್ದು.

ಊರಿಗೆ ಕಳಿಸುವ ಬ್ಯಾಗಿಗೆ ಹಳೇ ಬಟ್ಟೆಗಳನ್ನೇ ಹಾಕಿ. ಮದಲೂರಿನ ಕೆಮ್ಮಣ್ಣು ಒಗೆದರೆ ಹೋಗುವುದಿಲ್ಲ. ಒಂದು ಟೋಪಿ, ನೀರಿನ ಬಾಟಲಿ, ಒಆರ್‌ಎಸ್ ಪೊಟ್ಟಣ ನಾಲ್ಕು, ಮುಳ್ಳು ತೆಗೆಯಲು ಚಿಮಟ. ಚಪ್ಪಲಿ ಬೇಡ, ಜಾಲಿಮುಳ್ಳು ಅದನ್ನು ತೂರಿ ಬರುತ್ತದೆ. ದಪ್ಪ ಅಟ್ಟೆಯ ಶೂ ಇರಲಿ. ರಬ್ಬರ್ ಚೆಂಡು ಮಾತ್ರ ನಾಲ್ಕೈದು ಹೆಚ್ಚಿಗೆ ಇಡಿ.